ಬಾಡಿಗೆದಾರ ಮನೆಗೆ ಬೀಗ ಹಾಕಿ ನಾಪತ್ತೆ, ನಾಲ್ಕು ತಿಂಗಳ ಬಾಡಿಗೆ ಬಾಕಿ: ಬೀಗ ಒಡೆಯಬಹುದೇ?

ಸದ್ಯಕ್ಕೆ ಒಡೆಯಬೇಡಿ. ನೀವು ಬರೆದಿರುವಂತೆ ಬೆಂಗಳೂರಿನ ಮನೆ, ಬಾಡಿಗೆ 18,000, ಅಡ್ವಾನ್ಸ್ ಒಂದು ಲಕ್ಷ. 11 ತಿಂಗಳ ಕರಾರು ಮುಗಿದ ಮೇಲೂ ತಿಂಗಳ ಲೆಕ್ಕದಲ್ಲಿ ಮುಂದುವರಿದಿದ್ದಾರೆ. ಈಗ ಫೋನ್ ಸ್ವಿಚ್ ಆಫ್, ಆದರೆ ಕಿಟಕಿಯಲ್ಲಿ ಇಣುಕಿದರೆ ಮಂಚ, ಫ್ರಿಜ್ ಕಾಣುತ್ತವೆ. ತೊಡಕಿರುವುದು ಈ ಸಾಮಾನಿನಲ್ಲೇ. ಸಾಮಾನು ಒಳಗೆ, ಬೀಗದ ಕೈ ಅವರ ಹತ್ತಿರ ಅಂದರೆ ಸ್ವಾಧೀನ ಇನ್ನೂ ಅವರದೇ. ನೀವಾಗಿ ಬೀಗ ಒಡೆದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಮನೆ ಯಾರ ಹೆಸರಲ್ಲಿದೆ ಅನ್ನುವುದನ್ನು ಆ ದಾವೆಯಲ್ಲಿ ನೋಡುವುದೇ ಇಲ್ಲ. ಜತೆಗೆ ‘ಒಳಗೆ ಚಿನ್ನ ಇತ್ತು’ ಅಂತ ಕಳ್ಳತನದ ದೂರು ಬಂದರೆ, ಇರಲಿಲ್ಲ ಅಂತ ತೋರಿಸುವುದು ಹೇಗೆ?

ಮೊದಲು ಬಾಡಿಗೆದಾರರನ್ನು ಹುಡುಕಿ. ಆಧಾರ್ ಪ್ರತಿಯಲ್ಲಿರುವ ಊರಿನ ವಿಳಾಸ, ಕೆಲಸ ಮಾಡುತ್ತಿದ್ದ ಕಂಪನಿ, ಕರಾರಿಗೆ ಸಾಕ್ಷಿ ಹಾಕಿದವರು, ಮನೆ ತೋರಿಸಿದ ಬ್ರೋಕರ್, ಯಾರನ್ನೂ ಬಿಡಬೇಡಿ. ಸಿಕ್ಕರೆ ಜಗಳ ಬೇಡ. ‘ಇಂಥ ತಾರೀಖಿಗೆ ಮನೆ ಬಿಟ್ಟುಕೊಟ್ಟಿದ್ದೇನೆ, ಉಳಿದ ಸಾಮಾನು ತೆಗೆಯಲು ಒಪ್ಪಿಗೆ ಇದೆ’ ಅಂತ ಬರೆದು ಸಹಿ ಮಾಡಿದ ಕಾಗದ, ಕೊನೇ ಪಕ್ಷ ಅವರದೇ ನಂಬರಿನಿಂದ ಒಂದು ವಾಟ್ಸ್ಆ್ಯಪ್ ಮೆಸೇಜ್, ಬೀಗದ ಕೈ. ಇಷ್ಟಕ್ಕಾಗಿ ಒಂದು ತಿಂಗಳ ಬಾಕಿ ಬಿಟ್ಟರೂ ನಷ್ಟವಿಲ್ಲ, ಕೋರ್ಟಿನ ದಾರಿಗಿಂತ ಅಗ್ಗ.

ಸಿಗದಿದ್ದರೆ ಮನೆ ಖಾಲಿ ಮಾಡುವಂತೆ ನೋಟಿಸ್. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ವಾಸದ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ನಿಮ್ಮದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತದೆ. ಅದರ 106ನೇ ಸೆಕ್ಷನ್ನಿನಂತೆ ಬರಹದಲ್ಲಿ, ಸಹಿಯೊಂದಿಗೆ 15 ದಿನದ ನೋಟಿಸ್ ಸಾಕು. (ಕರಾರಿನ ಅವಧಿ ಇನ್ನೂ ನಡೆಯುತ್ತಿದ್ದರೆ ಇದು ಸಾಲದು, ಬಾಡಿಗೆ ತಪ್ಪಿದರೆ ಕರಾರು ರದ್ದು ಅನ್ನುವ ಷರತ್ತು ಇದೆಯೇ ಅಂತ ವಕೀಲರು ನೋಡಬೇಕು.) ಮನೆ ವಿಳಾಸಕ್ಕೂ ಊರಿನ ವಿಳಾಸಕ್ಕೂ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜತೆ ಸೇರಿಹೋಗಿದೆ. ಹಾಗಾಗಿ ಕೌಂಟರಿನಲ್ಲಿ ರಿಜಿಸ್ಟ್ರೇಷನ್ ಸಮೇತ ಸ್ಪೀಡ್ ಪೋಸ್ಟ್ ಅಂತ ಕೇಳಿ. ‘ಡೋರ್ ಲಾಕ್ಡ್’ ಅಂತ ವಾಪಸ್ ಬಂದ ಲಕೋಟೆಯನ್ನು ಒಡೆಯದೆ ಇಟ್ಟುಕೊಳ್ಳಿ, ಅದೇ ಸಾಕ್ಷಿ. ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸಿ ತಾರೀಖು ಕಾಣುವಂತೆ ಫೋಟೊ ತೆಗೆಯಿರಿ. ಬೆಸ್ಕಾಂ ಬಿಲ್‌ಗಳಲ್ಲಿ ಯೂನಿಟ್ ಸೊನ್ನೆ ಇದ್ದರೆ ಅವನ್ನೂ ಜೋಡಿಸಿಡಿ. ಠಾಣೆಗೆ ಮಾಹಿತಿ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಇದು ಸಿವಿಲ್ ಮ್ಯಾಟರ್’ ಅಂದೇ ಅನ್ನುತ್ತಾರೆ, ಆದರೂ ಸೀಲು ಬಿದ್ದ ಪ್ರತಿ ನಿಮ್ಮ ಕೈಲಿರಬೇಕು.

ಹಲವರು ಎಡವುವುದು ಇಲ್ಲಿ: ನೋಟಿಸ್ ಹೋದ ಮೇಲೆ ಬಾಡಿಗೆದಾರ ಯುಪಿಐನಲ್ಲಿ ಒಂದು ತಿಂಗಳ ಹಣ ಹಾಕುತ್ತಾನೆ, ಮಾಲೀಕರು ಸುಮ್ಮನಿರುತ್ತಾರೆ. ಅದೇ ಸ್ವತ್ತು ವರ್ಗಾವಣೆ ಕಾಯ್ದೆಯ 113ನೇ ಸೆಕ್ಷನ್ ತೋರಿಸಿ ನೋಟಿಸ್ ಬಿಟ್ಟುಕೊಟ್ಟಂತೆ ಅಂತ ವಾದಿಸಲು ಅಷ್ಟು ಸಾಕು. ‘ಹಣ ಹಳೇ ಬಾಕಿಗೆ ಜಮಾ, ನೋಟಿಸ್ ಹಿಂಪಡೆದಿಲ್ಲ’ ಅಂತ ಕೂಡಲೇ ಬರೆದು ಕಳಿಸಿ.

ಬಾಕಿ 72,000 ಕಳೆದರೆ ಅಡ್ವಾನ್ಸಿನಲ್ಲಿ ಉಳಿಯುವುದು 28,000, ಅಂದರೆ ಒಂದೂವರೆ ತಿಂಗಳ ಬಾಡಿಗೆ. ಅದು ಕರಗುವ ಮುಂಚೆ ನೋಟಿಸ್ ಗಡುವು ಮುಗಿದು ಮನೆ ಖಾಲಿ ಮಾಡಿಸುವ ದಾವೆ ಬೀಳಬೇಕು. ಕೋರ್ಟ್ ಶುಲ್ಕ ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆಯೇ ಹೊರತು ಮನೆಯ ಬೆಲೆಯ ಮೇಲಲ್ಲ. ಸಮನ್ಸ್ ತಲುಪದಿದ್ದರೆ ಬಾಗಿಲಿಗೆ ಅಂಟಿಸಲು, ಪತ್ರಿಕೆಯಲ್ಲಿ ಪ್ರಕಟಿಸಲು ಅನುಮತಿ ಕೇಳಬಹುದು. ಅವರು ಬರದಿದ್ದರೆ ಏಕಪಕ್ಷೀಯ ಡಿಕ್ರಿ, ಅಂದರೆ ಅವರ ಗೈರಿನಲ್ಲೇ ತೀರ್ಪು. ಆಮೇಲೆ ಕೋರ್ಟಿನ ಅಮೀನರೇ (ಆದೇಶ ಜಾರಿ ಮಾಡುವ ಸಿಬ್ಬಂದಿ) ಬಂದು, ಅಗತ್ಯ ಬಿದ್ದರೆ ಬೀಗ ಒಡೆದು, ಸ್ವಾಧೀನ ಕೊಡಿಸುತ್ತಾರೆ. ಆವತ್ತು ಇಬ್ಬರು ಸಾಕ್ಷಿಗಳೆದುರು ಪ್ರತಿ ವಸ್ತುವಿನ ಪಟ್ಟಿ ಮಾಡಿಸಿ, ಎಲ್ಲೂ ಕತ್ತರಿಸದ ವಿಡಿಯೊ ತೆಗೆಯಿರಿ. ಬಾಕಿ ಇದೆ ಅಂತ ಫ್ರಿಜ್ ಮಾರಿಕೊಳ್ಳುವ ಹಕ್ಕು ತಾನಾಗಿ ಬರುವುದಿಲ್ಲ, ಕೋರ್ಟಿನ ಆದೇಶ ಬೇಕು.

ನಡುವೆ ಗ್ಯಾಸ್ ವಾಸನೆ, ಕೆಟ್ಟ ವಾಸನೆ ಅಥವಾ ಕೆಳಮನೆಗೆ ನೀರು ಸೋರಿಕೆ ಕಂಡರೆ ಕಾಯಬೇಡಿ. 112ಕ್ಕೆ ಕರೆ ಮಾಡಿ ಪೊಲೀಸರ ಎದುರೇ ತೆರೆಸಿ, ಸರಿಪಡಿಸಿದ ಮೇಲೆ ಅವರ ಮುಂದೆಯೇ ಮತ್ತೆ ಬೀಗ ಹಾಕಿ. ಬಾಡಿಗೆ ಬಾಕಿ ವಸೂಲಿಗೆ ಪ್ರತಿ ಕಂತು ಕೊಡಬೇಕಾದ ದಿನದಿಂದ ಮೂರು ವರ್ಷ ಕಾಲಾವಕಾಶವಿದೆ.