ಅಡಿಕೆ ದುಡ್ಡಲ್ಲಿ ಮೊದಲು ಯಾವ ಸಾಲ?

ಪ್ರಶ್ನೆ: ಅಡಿಕೆ ಮಾರಿ 1.5 ಲಕ್ಷ ರೂಪಾಯಿ ಉಳಿದಿದೆ. ಸೊಸೈಟಿಯ ಬಡ್ಡಿರಹಿತ ಬೆಳೆಸಾಲ, ಶೇ 10ರ ಚಿನ್ನದ ಸಾಲ, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯ ಕೈಸಾಲ, ಮೂರೂ ತಲಾ ಒಂದು ಲಕ್ಷ. ಯಾವುದನ್ನು ಮೊದಲು ತೀರಿಸಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಕೈಸಾಲವನ್ನೇ, ಈ ವಾರವೇ. ಎರಡು ರೂಪಾಯಿ ಬಡ್ಡಿ ಅಂದರೆ ಲಕ್ಷಕ್ಕೆ ವರ್ಷಕ್ಕೆ 24,000. ಚಿನ್ನದ ಸಾಲದ್ದು 10,000. ಹಣ ಕೊಟ್ಟ ಕೂಡಲೇ ಪ್ರಾಮಿಸರಿ ನೋಟು, ಖಾಲಿ ಚೆಕ್ಕು ವಾಪಸ್ ಪಡೆಯಿರಿ. ಇಲ್ಲಿ ದಾಕ್ಷಿಣ್ಯ ಬೇಡ.

ಬೆಳೆಸಾಲಕ್ಕೆ ಅವಸರವಿಲ್ಲ. ಆದರೆ ವಾಯಿದೆ ಮೀರಿದರೆ ಬಡ್ಡಿ ರಿಯಾಯಿತಿ ತಪ್ಪುತ್ತದೆ, ಆದ್ದರಿಂದ ವಾಯಿದೆ ಹತ್ತಿರವಿದ್ದರೆ ಉಳಿದ 50,000 ಅದಕ್ಕೇ ಮೀಸಲು. ದೂರವಿದ್ದರೆ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಖರ್ಚು ಎತ್ತಿಟ್ಟು (ಅದಕ್ಕೆ ಮತ್ತೆ ಕೈಸಾಲ ಮಾಡುವಂತಾಗಬಾರದು) ಮಿಕ್ಕಿದ್ದನ್ನು ಚಿನ್ನದ ಸಾಲಕ್ಕೆ ಕಟ್ಟಿ. ಅಸಲಿಗೆ ಎಷ್ಟು ಜಮೆಯಾಯಿತೆಂದು ರಸೀದಿಯಲ್ಲಿ ನೋಡಿಕೊಂಡೇ ಕೌಂಟರ್ ಬಿಡಿ.