ಲಕ್ವ ಹೊಡೆದು ಎಂಟು ತಿಂಗಳಾಗಿದೆ, ಇನ್ನು ಕೈ ಬರುವುದಿಲ್ಲವೇ?

ನಿಮ್ಮ ತಂದೆ ಈಗ ನಡೆದಾಡುತ್ತಾರೆ, ಆದರೆ ಎಡಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ. "ಆರು ತಿಂಗಳಲ್ಲಿ ಎಷ್ಟು ಬಂತೋ ಅಷ್ಟೇ" ಅಂತ ಯಾರೋ ಹೇಳಿದ್ದಾರೆ, ಅದು ನಿಜವೇ ಅಂತ ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್, ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಸ್ಟ್ರೋಕ್ ಆದವರೇ. ನನ್ನ ಉತ್ತರ: ಅಷ್ಟಕ್ಕೇ ನಿಲ್ಲಬೇಕಾಗಿಲ್ಲ. ಆದರೆ ಇನ್ನು ಮುಂದೆ ತಾನಾಗಿಯೇ ಬರುವುದು ಕಡಿಮೆ, ಆ ಕೈಯಿಂದ ಕೆಲಸ ಮಾಡಿಸಿದರೆ ಬರುತ್ತದೆ.

ಆರು ತಿಂಗಳ ಮಾತು ಪೂರ್ತಿ ಸುಳ್ಳೇನಲ್ಲ. ಮೊದಲ ಮೂರು ತಿಂಗಳಲ್ಲಿ ಮೆದುಳು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ವೇಗ ಹೆಚ್ಚು. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 72 ಜನರ ಪೈಕಿ ಒಂದು ಗುಂಪನ್ನು ಬಿಟ್ಟು ಉಳಿದವರಿಗೆಲ್ಲ 20 ಗಂಟೆ ಹೆಚ್ಚುವರಿ ಚಿಕಿತ್ಸೆ ಕೊಟ್ಟರು. ಸ್ಟ್ರೋಕ್ ಆಗಿ ಎರಡು-ಮೂರು ತಿಂಗಳಿಗೆ ಪಡೆದವರಿಗೆ ಅತಿ ಹೆಚ್ಚು ಲಾಭವಾಯಿತು. ಆರು ತಿಂಗಳ ನಂತರ ಪಡೆದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಎದೆಗುಂದಬೇಡಿ. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಕೈಗೆಂದೇ ಮೂರು ವಾರಗಳಲ್ಲಿ 90 ಗಂಟೆ ತರಬೇತಿ ಕೊಡುತ್ತಾರೆ. ಬಂದವರಲ್ಲಿ ಹೆಚ್ಚಿನವರು ಆರು ತಿಂಗಳು ಎಂದೋ ದಾಟಿದವರು. ಅವರ ಕೈ ಸುಧಾರಿಸಿತು, ಆರು ತಿಂಗಳು ಬಿಟ್ಟು ನೋಡಿದಾಗಲೂ ಆ ಸುಧಾರಣೆ ಉಳಿದಿತ್ತು. ಅಲ್ಲಿ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ ಎಂಬುದು ನಿಜ. ಆದರೂ 20 ಗಂಟೆಗೂ 90 ಗಂಟೆಗೂ ಇರುವ ಅಂತರ ಯೋಚಿಸಬೇಕಾದ್ದೇ. ತಡವಾದಷ್ಟೂ ಹೆಚ್ಚು ದುಡಿಯಬೇಕು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಇನ್ನು ಮೆದುಳಿನ ವಿಷಯ. ಸತ್ತ ಭಾಗ ಮತ್ತೆ ಹುಟ್ಟಿ ಬರುವುದಿಲ್ಲ. ಅದರ ಅಕ್ಕಪಕ್ಕದ ಜೀವಂತ ಭಾಗ ಕೆಲಸ ವಹಿಸಿಕೊಳ್ಳಬೇಕು. 1996ರಲ್ಲಿ ರ್‍ಯಾಂಡಾಲ್ಫ್ ನೂಡೋ ಮತ್ತು ಜೊತೆಯವರು ಕೋತಿಗಳ ಮೆದುಳಿನಲ್ಲಿ ಕೈಯನ್ನು ಆಡಿಸುವ ಜಾಗದಲ್ಲಿ ಸಣ್ಣ ಸ್ಟ್ರೋಕ್ ಉಂಟುಮಾಡಿ, ಪುಟ್ಟ ಗುಳಿಗಳಿಂದ ಆಹಾರದ ಉಂಡೆಗಳನ್ನು ಬೆರಳಲ್ಲೇ ತೆಗೆದು ತಿನ್ನುವ ಅಭ್ಯಾಸ ಮಾಡಿಸಿದರು. ಅಭ್ಯಾಸ ಮಾಡಿದ ಕೋತಿಗಳಲ್ಲಿ ಬೆರಳುಗಳಿಗೆ ಸೇರಿದ, ಪೆಟ್ಟಾಗದ ಜಾಗ ಉಳಿಯಿತು. ಕೆಲವದರಲ್ಲಿ ಮೊದಲು ಮೊಣಕೈ, ಭುಜಕ್ಕೆ ಸೇರಿದ್ದ ಕಡೆಗೂ ಹರಡಿತು. ಹಿಂದಿನ ಪ್ರಯೋಗದಲ್ಲಿ ಇಂಥ ಅಭ್ಯಾಸವಿಲ್ಲದ ಕೋತಿಗಳಲ್ಲಿ ಪೆಟ್ಟಾಗದ ಆ ಜಾಗವೂ ಕುಗ್ಗಿತ್ತು. ಬಳಸದ ಕೈಯನ್ನು ಮೆದುಳು ಬಿಟ್ಟುಕೊಡುತ್ತದೆ. ನಿಮ್ಮ ಮನೆಯಲ್ಲಿ ಎಲ್ಲರೂ ತಿಳಿಯಬೇಕಾದದ್ದು ಇದನ್ನು.

ಯಾಕೆಂದರೆ ನಮ್ಮ ಮನೆಗಳಲ್ಲಿ ಆಗುವುದೇ ಬೇರೆ. ತಟ್ಟೆಯಲ್ಲಿ ಅನ್ನ ಕಲಸಿ ಕೊಡುತ್ತಾರೆ, ಶರ್ಟಿನ ಗುಂಡಿ ಹಾಕುತ್ತಾರೆ, ಉಳಿದದ್ದನ್ನು ಅವರ ಒಳ್ಳೆಯ ಕೈ ನೋಡಿಕೊಳ್ಳುತ್ತದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಎಡಗೈಗೆ ಇಡೀ ದಿನ ಒಂದೂ ಕೆಲಸವಿಲ್ಲ. ಎಡ್ವರ್ಡ್ ಟೌಬ್ ಎಂಬ ವಿಜ್ಞಾನಿ ಇದನ್ನು ಕೋತಿಗಳಲ್ಲಿ ಗುರುತಿಸಿದರು. ಶಕ್ತಿ ಇದ್ದರೂ, "ಪ್ರಯತ್ನಪಟ್ಟರೆ ಆಗುವುದಿಲ್ಲ" ಎಂಬ ಅನುಭವದಿಂದ ಆ ಕೈಯನ್ನು ಬಳಸದಿರುವುದೇ ರೂಢಿಯಾಗಿಬಿಡುತ್ತದೆ. ಒಳ್ಳೆಯ ಕೈಯನ್ನು ಕಟ್ಟಿದಾಗ ಅವು ಇನ್ನೊಂದನ್ನು ಬಳಸತೊಡಗಿದವು. ಅದೇ ಮನುಷ್ಯರ ಚಿಕಿತ್ಸೆಯಾಗಿ ಬೆಳೆಯಿತು. 2006ರಲ್ಲಿ ಪ್ರಕಟವಾದ ಎಕ್ಸೈಟ್ ಅಧ್ಯಯನದಲ್ಲಿ ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರಿದ್ದರು. ಚಿಕಿತ್ಸೆ ಪಡೆದ ಗುಂಪಿನವರು ಎರಡು ವಾರ, ಎಚ್ಚರವಿರುವ ಸಮಯದ 90 ಶೇಕಡಾ ಹೊತ್ತು ಒಳ್ಳೆಯ ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು, ಸೋತ ಕೈಯಿಂದ ದಿನವೂ ಗಂಟೆಗಟ್ಟಲೆ ಕೆಲಸ ಮಾಡಿದರು. ಒಂದು ವರ್ಷದ ನಂತರವೂ ಅವರ ಕೈ ಉಳಿದವರಿಗಿಂತ ಚೆನ್ನಾಗಿತ್ತು. ನಿಮ್ಮ ತಂದೆ ಈಗ ಅದೇ ಅವಧಿಯಲ್ಲಿದ್ದಾರೆ.

ಒಂದು ಷರತ್ತಿದೆ. ಮಣಿಕಟ್ಟನ್ನೂ ಬೆರಳುಗಳನ್ನೂ ಸ್ವಲ್ಪವಾದರೂ ಸ್ವಂತವಾಗಿ ಮೇಲೆತ್ತಲು ಬರಬೇಕು, ಹತ್ತು ಡಿಗ್ರಿಯಷ್ಟಾದರೂ. ಅದೇ ಇಲ್ಲದಿದ್ದರೆ ಒಳ್ಳೆಯ ಕೈಯನ್ನು ಕಟ್ಟಿಹಾಕುವುದರಿಂದ ಅವರಿಗೆ ಸಿಟ್ಟು, ಅಳು ಬಿಟ್ಟು ಬೇರೇನೂ ಬರುವುದಿಲ್ಲ. ಅಂಥವರಿಗೆ ಬೇರೆ ದಾರಿಗಳಿವೆ, ಕರೆಂಟ್ ಕೊಟ್ಟು ಸ್ನಾಯು ಎಬ್ಬಿಸುವುದು, ಕನ್ನಡಿ ಎದುರಿನ ಅಭ್ಯಾಸ, ಹೀಗೆ.

ಎಷ್ಟು ಸಲ ಮಾಡಿಸಬೇಕು? ಪ್ರಾಣಿಗಳ ಪ್ರಯೋಗದಲ್ಲಿ ದಿನಕ್ಕೆ ನಾನೂರು, ಆರುನೂರು ಸಲ. 2009ರಲ್ಲಿ ಅಮೆರಿಕ, ಕೆನಡಾದ ಕೇಂದ್ರಗಳಲ್ಲಿ ಎಣಿಸಿ ನೋಡಿದಾಗ ಒಂದು ಸೆಷನ್‌ನಲ್ಲಿ ಕೈಯಿಂದ ಮಾಡಿಸುತ್ತಿದ್ದ ಕೆಲಸದ ಚಲನೆಗಳು ಸರಾಸರಿ 32. ಅಲ್ಲೇ ಹಾಗಿದ್ದರೆ, ವಾರಕ್ಕೆ ಎರಡು ಸಲ ಬಂದು ಅರ್ಧ ಗಂಟೆ ಕೈ ಚಾಚಿ ಮಡಚಿ ಹೋಗುವುದರಿಂದ ಮೆದುಳಿಗೆ ಎಷ್ಟು ತಾನೇ ತಲುಪೀತು? ಎಣ್ಣೆ ಹಚ್ಚಿ ನೀವುವುದು ಹಿತ ಕೊಡುತ್ತದೆ, ಮಾಡಿ. ಅದನ್ನು ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ. ಸ್ಮೈಲಿ ಬಾಲ್ ಹಿಸುಕುವುದೂ ಅಷ್ಟೇ. ಲಕ್ವ ಹೊಡೆದ ಕೈಗೆ ಮುಷ್ಟಿ ಕಟ್ಟುವುದು ಸಾಮಾನ್ಯವಾಗಿ ಬೇಗ ಬರುತ್ತದೆ, ಬಿಚ್ಚುವುದು ಬರುವುದಿಲ್ಲ. ಹಾಗಾಗಿ ಹಿಡಿದದ್ದನ್ನು ಬಿಡುವ ಕೆಲಸ ಕೊಡಿ: ಲೋಟ ಎತ್ತಿ ಪಕ್ಕಕ್ಕಿಟ್ಟು ಕೈ ಬಿಡುವುದು, ಬಟ್ಟೆಯ ಕ್ಲಿಪ್ ತೆಗೆಯುವುದು, ಕಾಲವಿದ್ದರೆ ಎರಡೂ ಕೈಯಲ್ಲಿ ಅವರೆಕಾಯಿ ಸುಲಿಯುವುದು.

ಅವರಿಗೆ ಬೇಕಾದ ಕೆಲಸವನ್ನೇ ಆರಿಸಿ. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ನಿವೃತ್ತ ಬಸ್ ಕಂಡಕ್ಟರಿಗೆ ಪ್ಲಾಸ್ಟಿಕ್ ಕೋನ್‌ಗಳನ್ನು ಜೋಡಿಸುವುದೆಂದರೆ ಬೇಸರ. ನೋಟಿನ ಅಳತೆಗೆ ಕಾಗದ ಕತ್ತರಿಸಿ ಕೊಟ್ಟೆ. ಉದ್ದಕ್ಕೆ ಮಡಚಿ ಎಡಗೈ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳಬೇಕು, ಒಂದೊಂದಾಗಿ ಬಿಡಬೇಕು. ಮೊದಮೊದಲು ಬೆರಳು ಬಿಚ್ಚಲು ಭುಜವನ್ನೇ ಕಿವಿಯವರೆಗೆ ಎತ್ತುತ್ತಿದ್ದರು. ಭುಜ ಕೆಳಗಿಳಿದು, ತೋರುಬೆರಳು ಒಂಟಿಯಾಗಿ ಬಿಚ್ಚಿಕೊಂಡ ದಿನ ಅವರು ಮನೆಗೆ ಹೋಗಲು ಒಪ್ಪಲಿಲ್ಲ, ಇನ್ನೊಂದು ಕಂತೆ ಕೊಡಿ ಅಂದರು.

ಮನೆಯವರೇ ಕಲಿತು ಮಾಡಿಸಿದರೆ ಸಾಕೇ ಅಂತಲೂ ಕೇಳಿದ್ದೀರಿ. ಭಾರತದ 14 ಆಸ್ಪತ್ರೆಗಳಲ್ಲಿ 1,250 ಜನರ ಮೇಲೆ ನಡೆದ ಅಟೆಂಡ್ ಅಧ್ಯಯನ ಇದನ್ನೇ ಪರೀಕ್ಷಿಸಿತು. 2017ರಲ್ಲಿ ಬಂದ ಫಲಿತಾಂಶದಲ್ಲಿ ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಪೂರ್ತಿ ಹೊರೆ ನಿಮ್ಮ ತಾಯಿಯ ಮೇಲೆ ಹಾಕಬೇಡಿ. ಥೆರಪಿಸ್ಟ್ ವಾರಕ್ಕೊಮ್ಮೆಯಾದರೂ ನೋಡಿ ಕೆಲಸವನ್ನು ಒಂದು ಹಂತ ಕಷ್ಟ ಮಾಡುತ್ತಿರಲಿ, ದಿನದ ಎಣಿಕೆ ಮನೆಯಲ್ಲಿ ನಡೆಯಲಿ. ಗ್ಲೌಸ್ ಹಾಕಿ ನಡೆದಾಡಲು, ಸ್ನಾನಕ್ಕೆ ಹೋಗಲು ಬಿಡಬೇಡಿ, ಬಿದ್ದಾರು. ಎಬ್ಬಿಸುವಾಗ ಎಡಗೈ ಹಿಡಿದು ಎಳೆಯಲೇಬೇಡಿ. ಭುಜ ನೋಯತೊಡಗಿದರೆ ಅಭ್ಯಾಸವೇ ನಿಂತುಹೋಗುತ್ತದೆ.

ಇವತ್ತು ಸಂಜೆ ಅವರ ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಅಂಚಿನಿಂದ ಕೆಳಗೆ ಇಳಿಬಿದ್ದಿರಲಿ. ಅದನ್ನು ಮೇಲೆತ್ತಲು, ಬೆರಳು ಬಿಚ್ಚಲು ಹೇಳಿ. ಎಷ್ಟು ಬಂತೆಂದು ಕಾಮೆಂಟಿನಲ್ಲಿ ಬರೆಯಿರಿ, ಯಾವ ಕೆಲಸದಿಂದ ಶುರು ಮಾಡಬಹುದು ಅಂತ ಹೇಳುತ್ತೇನೆ.