ಭಂಡಾರದಾಗ ಲೆನ್ಸ್ ಬಿಚ್ಚಬ್ಯಾಡ್ರಿ: ಜಾತ್ರಿ ಮತ್ತ ಪಾಳು ವಾಡೆ ಫೋಟೋ ಮಾಡೋರಿಗೆ

ಅಣ್ಣಾರ, ನೀವು ಪೋಸ್ಟ್ ಮಾಡಿದ ದೇವರಗುಡ್ಡದ ಜಾತ್ರಿ ಫೋಟೋ ಛಲೋ ಬಂದಾವ, ಅದರಾಗ ಎರಡು ಮಾತಿಲ್ಲ. ಮೈಲಾರಲಿಂಗನ ಭಕ್ತ ಗೊರವಯ್ಯನ ಕರೀ ಕಂಬಳಿ ಮ್ಯಾಲೆ ಭಂಡಾರದ (ಅರಿಷಿಣ ಪುಡಿ) ಹಳದಿ ಬಿದ್ದದ್ದಂತೂ ಮಸ್ತ್. ಆದ್ರ ಕೆಳಗ ಬರದದ್ದು ಓದಿ ಸುಮ್ನ ಕುಂದ್ರಾಕ ಆಗಲಿಲ್ಲ. ದೇವರಗುಡ್ಡದ ಗದ್ದಲದಾಗ ನಿಂತು ಎರಡು ಸಲ ಲೆನ್ಸ್ ಬದಲಿ ಮಾಡೀರಿ, ಫೋಟೋದ ಆಕಾಶದಾಗ ಕರೀ ಚುಕ್ಕಿ ಕಂಡವು ಅಂತ ಹಸಿ ಅರಬೀಲೆ ಸೆನ್ಸರ್ (ಲೆನ್ಸ್ ಹಿಂದ ಬೆಳಕು ಹಿಡಿಯೂ ಚಿಪ್) ಒರಸೀರಿ, ಈಗ ಚುಕ್ಕಿ ಜೋಡಿ ಮಸಕು ಗೀರೂ ಬಂದಾವ. ಅದೇ ಕ್ಯಾಮೆರಾ ಒಯ್ದು ಪಾಳು ವಾಡೇದಾಗ ಫ್ಲ್ಯಾಶ್ ಹೊಡದು "ಈ ಬಿಳೀ ಗುಂಡು ಏನ್ರಿ" ಅಂತ ಬ್ಯಾರೆ ಕೇಳೀರಿ. ಭರತ ಹುಣ್ಣಿಮಿಗೆ ಮೈಲಾರಕ್ಕ ಹೊಂಟೀನಿ ಅಂತೀರಿ. ಹೋಗೂದಕಿಂತ ಮೊದಲ ಇದನ್ನ ಓದ್ರಿ. ದಸರಾ ಮುಗದ ಮ್ಯಾಲೆ ಇಂಥಾ ಪೋಸ್ಟ್ ವರ್ಷಾ ಬರತಾವ, ಎಲ್ಲಾರೂ ಅದ ತಪ್ಪು ಮಾಡತಾರ.

ರಸ್ತೆ ಧೂಳಾ ಬ್ಲೋಯರ್ (ಗಾಳಿ ಹೊಡಿಯೂ ರಬ್ಬರ್ ಉಂಡಿ) ಹೊಡದ್ರ ಹಾರಿ ಹೋಗತೈತಿ. ಭಂಡಾರ ಅಂದ್ರ ಅರಿಷಿಣ, ಅದು ಹಂಗಲ್ಲ. ಹಿಟ್ಟಿನಂಗ ಸಣ್ಣ ಇರತೈತಿ, ಒಳಗ ಎಣ್ಣಿ ಅಂಶ ಐತಿ, ಬೆವರು ತಾಗಿದ್ರ ಸಾಕು ಅಂಟಿ ಕುಂದರತೈತಿ. ಅದರ ಬಣ್ಣ ನೀರಿಗೆ ಕರಗೂದಿಲ್ಲ, ಆಲ್ಕೋಹಾಲಿಗೆ ಕರಗತೈತಿ. ಹಸಿ ಅರಬೀಲೆ ಒರಸಿದ್ರ ಪುಡಿ ಕಣಕ ಆಗಿ ಗಾಜಿನ ಉದ್ದಕ್ಕ ಹರಡತೈತಿ, ನಿಮಗ ಆಗಿದ್ದೂ ಅದ. ಸೆನ್ಸರ್ ಕೆಟ್ಟಿಲ್ಲ, ಹೆದರಬ್ಯಾಡ್ರಿ. ಒರಸೂದು ಮಾತ್ರ ಇವತ್ತಿಗೆ ಬಂದ್ ಮಾಡ್ರಿ.

ಮೊದಲ ಎಲ್ಲಿ ಕುಂತೈತಿ ನೋಡ್ರಿ. ಐಎಸ್‌ಒ 100, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/16ಕ್ಕ ಸಣ್ಣ ಮಾಡಿ, ಫೋಕಸ್ ಮ್ಯಾನ್ಯುಯಲ್ ಮಾಡಿ ಪೂರಾ ಮಸಕು ಇಡ್ರಿ, ಬಿಳೀ ಗ್ವಾಡಿ ಇಲ್ಲಾ ಮೋಡ ಇಲ್ಲದ ಆಕಾಶ ತಗೀರಿ. ಶಟರ್ ಒಂದು ಸೆಕೆಂಡ್ ಆದ್ರೂ ನಡೀತೈತಿ, ಬೇಕಂತನ ಕ್ಯಾಮೆರಾ ಅಲಗಾಡಸ್ರಿ. ಗ್ವಾಡಿ ಮ್ಯಾಲಿನ ಕಲೆ ಅಳಿಸಿ ಹೋಗತಾವ, ಸೆನ್ಸರಿನವು ಅಷ್ಟ ಉಳೀತಾವ. ಎಫ್/4ರಾಗ ತಗದು "ಏನೂ ಇಲ್ಲಲ್ಲ" ಅನಬ್ಯಾಡ್ರಿ. ಕಣ ಕುಂದ್ರೂದು ಸೆನ್ಸರಿನ ಮುಂದಿನ ಫಿಲ್ಟರ್ ಗಾಜಿನ ಮ್ಯಾಲೆ, ಅಪರ್ಚರ್ ಅಗಲ ಇದ್ದಾಗ ಅದರ ನೆರಳು ಚದುರಿ ಕಾಣಂಗಿಲ್ಲ. ಇನ್ನೊಂದು: ಫೋಟೋದಾಗ ಮ್ಯಾಲೆ ಎಡಕ್ಕ ಚುಕ್ಕಿ ಇದ್ರ, ಕ್ಯಾಮೆರಾದ ಬಾಯಿ ನಿಮ್ಮ ಕಡೆ ಹಿಡದು ನೋಡಿದಾಗ ಅದು ಕೆಳಗ ಎಡಕ್ಕ ಇರತೈತಿ. ಮ್ಯಾಲೆ ಕೆಳಗ ಅಷ್ಟ ಉಲ್ಟಾ, ಎಡ ಬಲ ಹಂಗ ಇರತಾವ. ಇದು ಗೊತ್ತಿಲ್ಲದ ಸ್ವಚ್ಛ ಇದ್ದ ಮೂಲಿನ ಉಜ್ಜೋರು ಭಾಳ ಮಂದಿ. ಲೆನ್ಸಿನ ಮುಂದಿನ ಗಾಜಿಗೆ ಹತ್ತಿದ ಪುಡಿ ಇಂಥ ಚುಕ್ಕಿ ಕೊಡಂಗಿಲ್ಲ, ಎದುರು ಬಿಸಲಿದ್ದಾಗ ಮಬ್ಬು ಕೊಡತೈತಿ. ಎರಡೂ ಬ್ಯಾರೆ ರೋಗ.

ಇನ್ನ ತಗಿಯೂದು. ಬ್ಯಾಟರಿ ಪೂರಾ ಚಾರ್ಜ್ ಇರಬೇಕು, ನಡುವ ಮುಗದ್ರ ಡಿಎಸ್‌ಎಲ್‌ಆರ್‌ನ ಕನ್ನಡಿ ಸ್ವ್ಯಾಬಿನ (ಸೆನ್ಸರ್ ಒರಸೂ ಚಪ್ಪಟಿ ಕಡ್ಡಿ) ಮ್ಯಾಲೆ ಬೀಳತೈತಿ. ಮನ್ಯಾಗ ಫ್ಯಾನ್ ಬಂದ್ ಮಾಡ್ರಿ. ಬಚ್ಚಲಮನಿ ಛಲೋ ಜಾಗ, ಅಲ್ಲಿ ಧೂಳಾ ಕಡಿಮಿ. ಮೆನುದಾಗ ಕ್ಲೀನಿಂಗ್ ಆಯ್ಕೆ ಹಚ್ಚಿ, ಕ್ಯಾಮೆರಾ ಬಾಯಿ ಕೆಳಗ ಮಾಡಿ ಹಿಡದು, ರಬ್ಬರ್ ಬ್ಲೋಯರಿನಿಂದ ಹತ್ತಿಪ್ಪತ್ತು ಸಲ ಗಾಳಿ ಹೊಡೀರಿ. ಬ್ಲೋಯರಿನ ಮೂತಿ ಒಳಗ ತುರಕಬ್ಯಾಡ್ರಿ. ಒಣ ಪುಡಿ ಎಷ್ಟು ಹೊರಗ ಬಂದ್ರ ಅಷ್ಟು ಲಾಭ, ಉಳದದ್ದರ ಮ್ಯಾಲೆ ಸ್ವ್ಯಾಬ್ ಎಳದ್ರ ಗೀರು ಬೀಳೂ ಸಂಭವ ಇರತೈತಿ. ಬಾಯಿಲೆ ಊದಬ್ಯಾಡ್ರಿ, ಉಗುಳು ಹಾರತೈತಿ. ಕಂಪ್ಯೂಟರ್ ಕ್ಲೀನ್ ಮಾಡೂ ಗ್ಯಾಸಿನ ಡಬ್ಬಿಯಂತೂ ಬ್ಯಾಡ, ಅದರ ದ್ರವ ಗಾಜಿನ ಮ್ಯಾಲೆ ಬಿದ್ರ ತಣ್ಣಗ ಹೆಪ್ಪುಗಟ್ಟಿ ಕಲೆ ಬಿಡತೈತಿ. ಬ್ಲೋಯರ್ ತಗೋವಾಗ ಮಾತ್ರ ಜುಗ್ಗತನ ಬ್ಯಾಡ. ಜಿಯೋಟ್ಟೋಸ್ ರಾಕೆಟ್ ದೊಡ್ಡ ಸೈಜಿಂದು ವರ್ಷಗಟ್ಟಲೆ ಬರತೈತಿ. ಕ್ಲೀನಿಂಗ್ ಕಿಟ್ಟಿನಾಗ ಪುಕ್ಕಟ್ಟೆ ಬರೂ ಬೆರಳುದ್ದದ ಬ್ಲೋಯರ್ ಕಸದ ಬುಟ್ಟಿಗೆ ಹಾಕ್ರಿ, ಅದರೊಳಗಿನ ರಬ್ಬರ್ ಪುಡಿನ ಸೆನ್ಸರಿಗೆ ಬೀಳತೈತಿ.

ಆಮ್ಯಾಲೆ ಸ್ವ್ಯಾಬ್. ಕ್ರಾಪ್ (ಸಣ್ಣ) ಸೆನ್ಸರಿಗೆ 16 ಮಿ.ಮೀ., ಫುಲ್ ಫ್ರೇಮ್ (ದೊಡ್ಡ) ಸೆನ್ಸರಿಗೆ 24 ಮಿ.ಮೀ. ಅಗಲದ್ದು. ಸೆನ್ಸರ್ ಕ್ಲೀನ್ ಮಾಡೂ ದ್ರವ ಎರಡ ಹನಿ, ಹೆಚ್ಚಾದ್ರ ಅಂಚಿನಾಗ ನಿಂತು ಒಣಗಿ ಗೆರಿ ಬಿಡತೈತಿ. ಒಂದು ಕಡಿಂದ ಇನ್ನೊಂದು ಕಡೆ ಒಂದ ಎಳತ, ತಿರವಿ ಇನ್ನೊಂದು ಮೈಲೆ ವಾಪಸ್ ಒಂದ ಎಳತ, ಮುಗೀತು, ಆ ಸ್ವ್ಯಾಬ್ ಒಗೀರಿ. ಅದನ್ನ ಮತ್ತ ಉಪಯೋಗ ಮಾಡಿದ್ರ ಮೊದಲಿನ ಅರಿಷಿಣಾನ ತಿರುಗಿ ಹಚ್ಚಿದಂಗ. ನಿಮ್ಮ ಗೀರಿಗೆ ಮೂರು ನಾಲ್ಕು ಸ್ವ್ಯಾಬ್ ಹೋಗಬಹುದು. ಎಕ್ಲಿಪ್ಸಿನಂಥ ಮೆಥನಾಲ್ ದ್ರವ ಅರಿಷಿಣಕ್ಕ ಸರಿ. ಸ್ಯಾನಿಟೈಜರ್ ಬ್ಯಾಡ, ಅದರಾಗ ಗ್ಲಿಸರಿನ್ ಇರತೈತಿ. ಲೆನ್ಸ್ ಒರಸೂ ದ್ರವಾನೂ ಬ್ಯಾಡ. ಕೈ ನಡಗತೈತಿ ಅಂದ್ರ ಸರ್ವಿಸಿನವರಿಗೆ ಕೊಡ್ರಿ, ಆದ್ರ ಕೊಡೂಮುಂದ ಅರಿಷಿಣ ಅಂತ ಬಾಯಿಬಿಟ್ಟು ಹೇಳ್ರಿ. ಹೇಳಲಿಲ್ಲ ಅಂದ್ರ ಅವರೂ ಸಾದಾ ಧೂಳಾ ಅಂತ ತಿಳದು ಶುರು ಮಾಡತಾರ.

ಮೈಲಾರದ ತಯಾರಿಗೆ ಬರೂಣು. ಲೆನ್ಸ್ ಮನ್ಯಾಗ ಹಾಕ್ಕೊಂಡು ಹೋಗ್ರಿ, ಮನಿಗೆ ಬಂದ ಬಿಚ್ಚರಿ. ಮುಗೀತು. ಬದಲಿ ಮಾಡಲೇಬೇಕು ಅಂದ್ರ ಕಾರಿನ ಕಿಡಕಿ ಹಾಕಿ, ಎಸಿ ಬಂದ್ ಮಾಡಿ, ಒಳಗ ಕುಂತು ಮಾಡ್ರಿ. ಅಂಗಿ ಮ್ಯಾಲೆ ಭಂಡಾರ ಇರತೈತಿ, ಅದನ್ನ ಹೊರಗ ಝಾಡಿಸಿ ಹತ್ರಿ. ಎಲ್ಲಾರೂ ಮರಿಯೂ ವಿಷಯ ಏನಂದ್ರ ಲೆನ್ಸ್ ಬಿಚ್ಚದಿದ್ರೂ ಜೂಮ್ ತಿರವಿದ್ರ ಗಾಳಿ ಒಳಗ ಹೋಗತೈತಿ. 18-55, 18-135 ಇವೆಲ್ಲಾ ತಿರವಿದಾಗ ಮುಂದ ಚಾಚತಾವ, ಪ್ರತಿ ಸಲ ಸುತ್ತಲಿನ ಗಾಳಿ ಎಳಕೋತಾವ, ಗಾಳಿ ಜೋಡಿ ಪುಡೀನೂ. ಕ್ಯಾನನ್ನಿನ ಹಳೇ ಇಎಫ್ 70-200 ಉದ್ದ ಆಗಂಗಿಲ್ಲ, ಮಿರರ್‌ಲೆಸ್‌ಗೆ ಬಂದ ಮೊದಲಿನ ಆರ್‌ಎಫ್ 70-200 ಉದ್ದ ಆಗತೈತಿ. ಹೊಸಾದು ಅಂದ ಕೂಡಲೆ ಜಾತ್ರಿಗೆ ಛಲೋ ಅಂತಲ್ಲ. ಬಜೆಟ್ ಕಡಿಮಿ ಇದ್ದೋರು 50 ಎಂಎಂ ಎಫ್/1.8 ಒಂದ ಹಾಕ್ಕೊಂಡು ಹೋಗ್ರಿ, ಅಗಲದ ಫೋಟೋಕ್ಕ ಮೊಬೈಲ್ ಐತಿ. ಕಿಟ್ ಜೂಮ್ ಅಷ್ಟ ಇದ್ರ 35ಕ್ಕ ಇಟ್ಟು ಟೇಪ್ ಹಚ್ಚಿ ಬಿಡ್ರಿ.

ಹೊದಿಕಿಗೆ ರೊಕ್ಕ ಹಾಕಬ್ಯಾಡ್ರಿ. ಅರಬಿ ಅಂಗಡಿಯ ದಪ್ಪ ಪಾರದರ್ಶಕ ಚೀಲ ತಗೊಂಡು, ತಳದಾಗ ಲೆನ್ಸ್ ಹುಡ್ಡಿನಷ್ಟ ತೂತು ಕತ್ತರಿಸಿ, ಹುಡ್ಡಿಗೆ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕ್ರಿ. ಬಾಯಿ ಕಡಿಂದ ಕೈ ಹಾಕಾಕ ಬರತೈತಿ. ಬಿಸಲಾಗ ಒಳಗ ಬೆವರತೈತಿ, ಅರ್ಧಾ ತಾಸಿಗೊಮ್ಮೆ ಗದ್ದಲದಿಂದ ದೂರ ಹೋಗಿ ತಗದು ಆರಸ್ರಿ. ಲೆನ್ಸಿನ ಮುಂದ ಕಾವಲಿಗೆ ಯುವಿ ಫಿಲ್ಟರ್ ಗಾಜು ಇರಲಿ. ನನಗ ಯುವಿ ಫಿಲ್ಟರ್ ಅಂದ್ರ ಆಗಂಗಿಲ್ಲ, ರಾತ್ರಿ ದೀಪದ ಫೋಟೋ ಕೆಡಿಸತೈತಿ, ಆದ್ರ ಭಂಡಾರಕ್ಕ ಮತ್ತ ತೇರಿಗೆ ಬೇಕ ಬೇಕು. ತೇರಿಗೆ ಒಗಿಯೂ ಉತ್ತತ್ತಿ ಬಾಳಿಹಣ್ಣು ಎಲ್ಲಿ ಬೀಳತಾವ ಹೇಳಾಕ ಬರಂಗಿಲ್ಲ, ಉತ್ತತ್ತಿ ಬೀಜ ಕಲ್ಲಿದ್ದಂಗ. ಫಿಲ್ಟರ್ ಸೈಜ್ ಲೆನ್ಸಿನ ಬಾಯಿ ಮ್ಯಾಲ ಗುಂಡು ಗುರುತಿನ ಮುಂದ ಬರದಿರತಾರ, ಅಂಗಡ್ಯಾಗ ಅಂದಾಜು ಹೇಳಬ್ಯಾಡ್ರಿ. ಲೆನ್ಸ್‌ಪೆನ್ ಗಾಜಿನ ಮ್ಯಾಲಿನ ಬೆಳ್ಳಿನ ಗುರುತು ತಗಿಯಾಕ ಭೇಷಿ, ಭಂಡಾರಕ್ಕ ಮುಟ್ಟಸಬ್ಯಾಡ್ರಿ, ತುದಿ ಹಳದಿ ಆತು ಅಂದ್ರ ಅದು ಮುಗದಂಗ.

ಭಂಡಾರ ಯಾವಾಗ ಹಾರತೈತಿ ಅನ್ನೂದು ಕಿವಿಗೆ ಗೊತ್ತಾಗತೈತಿ. "ಏಳುಕೋಟಿ" ಅಂತ ಕೂಗು ಎದ್ದ ಕೂಡಲೆ ಕೈ ಮ್ಯಾಲೆ ಹೋಗತಾವ. ಆ ಮೊದಲಿನ ಎರಡು ಸೆಕೆಂಡಿನಾಗ ಹೊಡೀರಿ, 1/1000, ಎಫ್/5.6, ಪುಡಿ ಇನ್ನೂ ಮ್ಯಾಲಿರತೈತಿ, ಹಿಂದ ಬಿಸಲಿದ್ರ ಬಂಗಾರ. ಅದು ಕೆಳಗ ಇಳಿಯೂದ್ರಾಗ ಕ್ಯಾಮೆರಾ ಎದಿಗೆ ಹಚ್ಚಿ ಬಾಯಿ ಕೆಳಗ ಮಾಡ್ರಿ. ಹಳದಿಗೆ ವೈಟ್ ಬ್ಯಾಲೆನ್ಸ್ ಆಟೋ ಬಿಡಬ್ಯಾಡ್ರಿ, ಕ್ಯಾಮೆರಾ ಹಳದೀನ ತಪ್ಪು ಅಂತ ತಿಳದು ನೀಲಿ ಕಡೆ ಎಳೀತೈತಿ. ಡೇಲೈಟಿಗೆ ಇಡ್ರಿ, ಇಲ್ಲಾ 5200 ಕೆಲ್ವಿನ್. ಮೀಟರ್ ಕರೀ ಕಂಬಳಿ ನೋಡಿ ಬೆಳಕು ಹೆಚ್ಚು ಮಾಡತೈತಿ, ಆಗ ಹಳದಿಯ ಕೆಂಪು ಚಾನೆಲ್ ಮೊದಲ ಹರದು ಹೋಗತೈತಿ, ಅಂದ್ರ ವಿವರ ಉಳಿಯಂಗಿಲ್ಲ. ಎಕ್ಸ್‌ಪೋಜರ್ ಮೈನಸ್ 0.7 ಇಟ್ಟು, ಬಿಳೀ ಹಿಸ್ಟೋಗ್ರಾಮ್ (ಬೆಳಕಿನ ನಕ್ಷೆ) ಬಿಟ್ಟು ಮೂರು ಬಣ್ಣದ್ದು ನೋಡ್ರಿ. ನಿಮ್ಮ ಮೂರನೇ ಫೋಟೋದಾಗ ಮುಖದ ಮ್ಯಾಲಿನ ಭಂಡಾರ ಬಣ್ಣ ಬಳದಂಗ ಸಪಾಟ ಕಾಣೂದು ಅದಕ್ಕ. ರಾ ಫೈಲ್ ಇದ್ರ ಸ್ವಲ್ಪ ವಾಪಸ್ ಬರತೈತಿ, ಜೆಪೆಗ್ ಇದ್ರ ಇಲ್ಲ.

ಕಾರ್ಣಿಕದ (ಗೊರವಯ್ಯ ಎತ್ತರದ ಬಿಲ್ಲು ಏರಿ ಭವಿಷ್ಯ ನುಡಿಯೂದು) ಹೊತ್ತಿಗೆ ಮೈಲಾರದ ಡೆಂಕನಮರಡಿಯೊಳಗ ಮುಂದ ಹೋಗೂ ಆಸೆ ಬಿಡ್ರಿ. ಎತ್ತರದ ಜಾಗ ಲಗೂನ ಹಿಡದು 200 ಎಂಎಂ ಮ್ಯಾಲಿಂದು ಹಾಕ್ಕೊಂಡು ನಿಂದರ್ರಿ. ಬಿಲ್ಲಿನ ತುದಿಗೆ ಮೊದಲ ಫೋಕಸ್ ಮಾಡಿ ಲಾಕ್ ಮಾಡ್ರಿ. ಗೊರವಯ್ಯ "ಸದ್ದಲೇ" ಅಂದ ಕೂಡಲೆ ಇಡೀ ಮಂದಿ ಗಪ್ ಚುಪ್ ಆಗತೈತಿ, ಆಗ ನಿಮ್ಮ ಶಟರ್ ಕಟಕಟ ಅಂದ್ರ ಬಾಜೂದವರು ಬೈಯೂದು ಸರೀನ. ಆ ಹೊತ್ತಿಗೆ ಸೈಲೆಂಟ್ ಶಟರ್ ಇರಲಿ. ಆದ್ರ ನುಡಿ ಮುಗದು ಅವರು ಮ್ಯಾಲಿಂದ ಬೀಳೂಮುಂದ ಎಲೆಕ್ಟ್ರಾನಿಕ್ ಶಟರಿನಾಗ ಆಕಾರ ಸೊಟ್ಟ ಬರತೈತಿ, ಮೆಕ್ಯಾನಿಕಲ್ಲಿಗೆ ಬರ್ರಿ. ಒಂದು ಬಟನ್ನಿಗೆ ಇದನ್ನ ಮೊದಲ ಹಾಕಿ ಇಟ್ಟಿರಬೇಕು, ಮೆನು ಹುಡಕಾಕ ಹೊತ್ತಿರಂಗಿಲ್ಲ. ಸಂಜಿ ಬೆಳಕು ಇಳೀತಿರತೈತಿ, 1/500 ಬಿಡಬ್ಯಾಡ್ರಿ, ಐಎಸ್‌ಒ 1600, 3200 ಏರಿದ್ರ ಏರಲಿ. ಫ್ಲ್ಯಾಶ್ ಹೊಡಿಯೂದು ಬ್ಯಾಡವೇ ಬ್ಯಾಡ.

ತೇರಿನ ಫೋಟೋಕ್ಕ ಮಿಣಿ (ತೇರು ಎಳಿಯೂ ಹಗ್ಗ) ಮತ್ತ ಗಾಲಿ ನಡುವ ನುಗ್ಗೋರ್ನ ನೋಡಿದ್ರ ಸಿಟ್ಟು ಬರತೈತಿ. ಗಾಲಿಗೆ ತಡೆ ಕೊಡೋರು ಬಾಜೂಕ ಓಡತಿರತಾರ, ನೀವು ಅವರ ಕಾಲಾಗ ಸಿಕ್ರ ತಡೆ ತಪ್ಪತೈತಿ. ಮಾಳಗಿ ಮ್ಯಾಲೆ ಜಾಗ ಕೇಳ್ರಿ. ಗದಗ, ಧಾರವಾಡ ಎಲ್ಲೇ ಆಗಲಿ, ಮುಂಜಾನೆ ಹೋಗಿ ಮರ್ಯಾದಿಲೆ ಕೇಳಿದ್ರ ಇಲ್ಲ ಅನ್ನೋ ಮನಿ ಕಡಿಮಿ.

ಇನ್ನ ವಾಡೆ. ಆ ಬಿಳೀ ಗುಂಡು ಭೂತಾನೂ ಅಲ್ಲ, ಲೆನ್ಸ್ ದೋಷಾನೂ ಅಲ್ಲ. ನೀವ ಕಾಲಿಲೆ ಎಬ್ಬಿಸಿದ ಧೂಳಾ ಲೆನ್ಸಿನ ಮುಂದ ಹಾರುವಾಗ ಕ್ಯಾಮೆರಾದ ಮ್ಯಾಲಿನ ಫ್ಲ್ಯಾಶ್ ಬೆಳಕು ಅದಕ್ಕ ತಾಗಿ ವಾಪಸ್ ಬಂದದ್ದು. ಫ್ಲ್ಯಾಶ್ ಬಂದ್ ಮಾಡಿ ಟ್ರೈಪಾಡ್ ಇಡ್ರಿ. ಐಎಸ್‌ಒ 100, ಎಫ್/8, ಎರಡು ಸೆಕೆಂಡ್ ಟೈಮರ್, ಲೆನ್ಸಿನ ಸ್ಟೆಬಿಲೈಜರ್ ಆಫ್. ಪಡಸಾಲ್ಯಾಗ ಕತ್ತಲಿ, ಹೊರಗ ಅಂಗಳದಾಗ ರಣ ಬಿಸಲು ಇದ್ರ ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರ ಬೆಳಕು ಎರಡು ಪಟ್ಟು) ಅಂತರದಾಗ ಮೂರು ಫ್ರೇಮ್, ಭಾಳ ಕತ್ತಲಿ ಇದ್ರ ಐದು. ಬದಲಾಗೂದು ಶಟರ್ ಅಷ್ಟ, ಅಪರ್ಚರ್ ಮುಟ್ಟಬ್ಯಾಡ್ರಿ. ಆ ಫ್ರೇಮೆಲ್ಲಾ ಒಂದ ಫೋಟೋ (ಎಚ್‌ಡಿಆರ್) ಮಾಡಿ ಜೋಡಿಸೂಮುಂದ ನೆರಳು ನೆರಳಾಗಿ ಇರಲಿ, ಕಂಬದ ಬುಡಕ್ಕೂ ಟ್ಯೂಬ್‌ಲೈಟ್ ಹಚ್ಚಿದಂಗ ಮಾಡೂ ಎಚ್‌ಡಿಆರ್ ಕಣ್ಣಿಗೆ ತ್ರಾಸು.

ಬೆಳಕಿಂಡಿಯ ಬೆಳಕು ಕಂಬದಂಗ ನೆಟ್ಟಗ ಇಳಿಬೇಕಂದ್ರ ದಿನಾ ಆಗೂ ಮಾತಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡ ಸುಮಾರು 15.4 ಡಿಗ್ರಿ ಉತ್ತರಕ್ಕ ಐತಿ, ಸೂರ್ಯ ನೆತ್ತಿ ಮ್ಯಾಲೆ ಬರೂದು ಮೇ ಶುರುವಿಗೊಮ್ಮೆ, ಆಗಸ್ಟ್ ಎರಡನೇ ವಾರಕ್ಕೊಮ್ಮೆ. ಅದೂ ಗಡಿಯಾರದ 12ಕ್ಕ ಅಲ್ಲ, 12:30ರ ಆಜೂಬಾಜೂ, ಯಾಕಂದ್ರ ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು 75ರ ಹತ್ರ ಇರೋರು. ಆಗಸ್ಟಿನಾಗ ಮೋಡ, ಅದಕ್ಕ ಮೇ ಹಿಡೀರಿ. ಡಿಸೆಂಬರಿನಾಗ ಬೆಳಕು ಓರೆ ಬಂದು ಉತ್ತರದ ಗ್ವಾಡಿಗೆ ಹತ್ತತೈತಿ, ಅದಕ್ಕ ಅದರದ ಚಂದ ಐತಿ.

ಮಳಿಗಾಲದಾಗ ಮತ್ತ ಮಳಿ ನಿಂತು ಒಂದೆರಡು ತಿಂಗಳು ಮಣ್ಣಿನ ಮಾಳಗಿ ಕೆಳಗ ಹೋಗಬ್ಯಾಡ್ರಿ. ನೀರು ಕುಡದ ಮಣ್ಣಿನ ಭಾರ ತೊಲಿ ಮ್ಯಾಲೆ ಇರತೈತಿ, ವರಲಿ ಹತ್ತಿದ ತೊಲಿ ಹೊರಗ ಗಟ್ಟಿ ಕಾಣತೈತಿ, ಒಳಗ ಪೊಳ್ಳು. ತುದಿ ಗ್ವಾಡಿಯೊಳಗ ಸೇರೂ ಜಾಗಾ ಬ್ಯಾಟರಿ ಹಾಕಿ ನೋಡ್ರಿ, ಅಲ್ಲಿ ಮಣ್ಣಿನ ಗೆರಿ ಇದ್ರ ವಾಪಸ್ ಬರ್ರಿ. ನವಲಗುಂದ, ಗದಗ ಕಡೆ ಎರಿ ಭೂಮಿ, ಬ್ಯಾಸಗ್ಯಾಗ ನೆಲ ಬಿರತು ಗ್ವಾಡಿ ಸೀಳಿರತಾವ. ನೆಲದ ಮ್ಯಾಲೂ ಕಣ್ಣಿರಲಿ: ಅಂಗಳದಾಗ ಹಗೇವು (ಕಾಳು ತುಂಬಿಡೂ ನೆಲದೊಳಗಿನ ಕುಣಿ) ಇರತಾವ. ಬಾಯಿಗೆ ಕಲ್ಲು ಮುಚ್ಚಿ ಮ್ಯಾಲೆ ಮಣ್ಣು ಕುಂತು ಗೊತ್ತ ಆಗಂಗಿಲ್ಲ. ಕೋಲು ಇಲ್ಲಾ ಟ್ರೈಪಾಡ್ ಕಾಲಿಲೆ ಬಡಕೋತ ಹೋಗ್ರಿ, ಡಬ್ ಅಂತ ಪೊಳ್ಳು ಸಪ್ಪಳ ಬಂದ್ರ ಸುತ್ತ ಹಾಕ್ರಿ. ಬಾಯಿ ತೆರದಿದ್ರೂ ಒಳಗ ಇಳದು ಫೋಟೋ ತಗಿಯೂ ಶಾಣ್ಯಾತನ ಬ್ಯಾಡ, ಒಳಗಿನ ಗಾಳಿ ಉಸರಾಡಾಕ ಬರೂವಂಥಾದ್ದಲ್ಲ. ತೊಗಲಬಾವಲಿ ಇರೂ ಖೋಲಿಗೆ ಎನ್95 ಮಾಸ್ಕ್, ದಸ್ತಿ ಕಟ್ಟಿದ್ರ ಸಾಲಂಗಿಲ್ಲ. ಹಳೇ ಜಿನ್ನಿಂಗ್ ಗಿರಣ್ಯಾಗ ಒಡದ ಸಿಮೆಂಟ್ ಶೀಟ್ ತುಳೀಬ್ಯಾಡ್ರಿ, ಹಳೇವು ಆಸ್‌ಬೆಸ್ಟಾಸ್ ಇರತಾವ.

ಮಾಲಕರು ಬೆಂಗಳೂರಾಗೋ ಪುಣೇದಾಗೋ ಇದ್ರೂ ಊರಾಗ ನೋಡಕೊಳ್ಳೋರು ಒಬ್ಬರು ಇರತಾರ, ಅವರ್ನ ಕೇಳ್ರಿ. ಅಗಸಿ ಕಟ್ಟಿ ಮ್ಯಾಲೆ ಕುಂತ ಹಿರೇರಿಗೂ ಹೇಳಿ ಹೋಗ್ರಿ. ಟ್ರೈಪಾಡ್, ಬ್ಯಾಟರಿ, ದೊಡ್ಡ ಚೀಲ ಹೊತ್ತು ಪಾಳು ಮನಿ ಹೊಕ್ಕೋರ್ನ ನಮ್ಮ ಕಡೆ ನಿಧಿ ಅಗಿಯಾಕ ಬಂದೋರು ಅಂತನ ಮೊದಲ ತಿಳೀತಾರ. ಅಮಾಸಿ ದಿನ ಅಂತೂ ಹೋಗಲೇಬ್ಯಾಡ್ರಿ, ಏನ ಹೇಳಿದ್ರೂ ಯಾರೂ ನಂಬಂಗಿಲ್ಲ. ಲಕ್ಕುಂಡಿ, ಡಂಬಳದಂಥ ಪುರಾತತ್ವ ಇಲಾಖೆಯ ಗುಡ್ಯಾಗ ಕೈಯಾಗ ಹಿಡದು ತಗಿಯೂದಕ್ಕ ತ್ರಾಸಿಲ್ಲ, ಟ್ರೈಪಾಡಿಗೆ ಮೊದಲ ಅನುಮತಿ ಬೇಕು.

ದೀಪಾವಳಿ ಆದ ಮ್ಯಾಲೆ ಹಾವೇರಿ ಕಡೆ ಹೋರಿ ಹಬ್ಬಕ್ಕ ಹೋಗೂ ವಿಚಾರ ಇದ್ರ ಬೇಲಿ ಹಿಂದ ನಿಂತು 1/1000ಕ್ಕ ಹೊಡೀರಿ. ಕೊಬ್ಬರಿ ಹಾರ, ಬಲೂನ್ ಕಟ್ಟಿದ ಹೋರಿ ಅಗಲದ ಲೆನ್ಸ್ ಇದ್ರ ವ್ಯೂಫೈಂಡರಿನಾಗ ದೂರ ಕಾಣತೈತಿ, ಕಣ್ಣು ತಗದು ನೋಡಿದ್ರ ಎದಿ ಮುಂದ ಇರತೈತಿ. ಎರಡೂ ಕಣ್ಣು ತೆರದ ಹೊಡಿಯೂ ರೂಢಿ ಮಾಡ್ಕೋರಿ.

ಕ್ಯಾಮೆರಾ ಸ್ವಚ್ಛ ಆದ ಮ್ಯಾಲೆ ಅದನ್ನ ಮತ್ತ ಅದ ಚೀಲದಾಗ ಇಡಬ್ಯಾಡ್ರಿ. ಚೀಲದ ಒಳಗಿನ ಪಾರ್ಟಿಶನ್ ಎಲ್ಲಾ ಕಿತ್ತು ವ್ಯಾಕ್ಯೂಮ್ ಹೊಡದು ಎರಡು ದಿನ ಬಿಸಲಿಗೆ ಹಾಕ್ರಿ, ಅರಿಷಿಣದ ಬಣ್ಣ ಬಿಸಲಿಗೆ ಹಾರತೈತಿ. ಸಾಬೂನು ಹಚ್ಚಿದ್ರ ಕೆಂಪು ಆಗತೈತಿ, ಗಾಬರಿ ಆಗಬ್ಯಾಡ್ರಿ. ಬಾಡಿ ಮುಚ್ಚಳ, ಲೆನ್ಸಿನ ಹಿಂದಿನ ಮುಚ್ಚಳ ತೊಳದು ಪೂರಾ ಒಣಗಿಸಿ ಹಾಕ್ರಿ, ಚುಕ್ಕಿ ತಿರುಗಿ ಬರೂದು ಅಲ್ಲಿಂದನ. ಮೊಬೈಲಿನ ಚಾರ್ಜಿಂಗ್ ತೂತಿನಾಗ ಪುಡಿ ಹೊಕ್ಕಿದ್ರ ಚಾರ್ಜಿಗೆ ಹಾಕೂದಕಿಂತ ಮೊದಲ ಕಟ್ಟಿಗಿ ಟೂತ್‌ಪಿಕ್ಕಿಲೆ ತಗೀರಿ, ಸೂಜಿ ಹಾಕಬ್ಯಾಡ್ರಿ.